ತೊಗರಿಬೇಳೆಯ ರೋಮನ್ನರು

ಹ್ಯಾನಿಬಲ್‌ನ ಕೈಯಲ್ಲಿ ನಾನು ಸೋತಷ್ಟು ಸಲ ರೋಮನ್ನರು ಕೂಡ ಸೋತಿರಲಾರರು. ಅವರು ಸೋತದ್ದು ಎರಡು ಸಾವಿರ ವರ್ಷಕ್ಕೂ ಹಿಂದೆ, ಇಟಲಿಯಲ್ಲಿ, ಆನೆ ಕುದುರೆ ಕತ್ತಿಗಳ ನಡುವೆ. ನಾನು ಸೋತದ್ದು ಈ ಪರದೇಶದ ಪ್ಲೆಸೆಂಟನ್ ಊರಿನ ಒಂದು ಊಟದ ಮೇಜಿನ ಮೇಲೆ, ಭಾನುವಾರ ಬೆಳಿಗ್ಗೆ, ಚಡ್ಡಿ ಟೀಶರ್ಟಿನಲ್ಲಿ. ಅವರ ಸೋಲನ್ನು ಬರೆದಿಡಲು ಇತಿಹಾಸಕಾರರಿದ್ದರು. ನನ್ನ ಸೋಲಿಗೆ ಸಾಕ್ಷಿ ಇಬ್ಬರೇ, ಗೆದ್ದ ಡಾಕ್ಟ್ರು ಮತ್ತು ಒಳಗೆ ದೋಸೆ ಹುಯ್ಯುತ್ತಿದ್ದ ಅವರ ಹೆಂಡತಿ. ಡಾಕ್ಟ್ರು ಹೋಗಿ ಒಂದು ವರ್ಷವಾಗುತ್ತ ಬಂತು. ನನ್ನ ಸೋಲುಗಳನ್ನು ಅವರ ಹಾಗೆ ರಸವತ್ತಾಗಿ ಹೇಳುವವರು ಈಗ ಯಾರೂ ಇಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ಡಾಕ್ಟ್ರ ಪರಿಚಯವಾದದ್ದು ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ. ನಾನಾಗ ಹೊಸದಾಗಿ ಮ್ಯಾನೇಜರ್ ಆಗಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಸಿಕ್ಕವರ ಮುಂದೆಲ್ಲ ನನ್ನ ಮ್ಯಾನೇಜರಿಕೆಯನ್ನು ಎತ್ತೆತ್ತಿ ಒಗೆಯುತ್ತಿದ್ದೆ. ಆ ದಿನ ಪೇಪರ್ ಪ್ಲೇಟು ಹಿಡಿದುಕೊಂಡು ಮುಂದೆ ನಿಂತಿದ್ದ ಯಾರೋ ಪಾಪದವರಿಗೆ ನನ್ನ ಪ್ರಾಜೆಕ್ಟಿನ ಪ್ರತಾಪ ಹೇಳುತ್ತಿದ್ದೆ.

“ಅದು ಕಂಪ್ಲೀಟ್ ವಾರ್ ರೂಮು ಕಣ್ರೀ. ಎರಡೂ ಕಡೆಯಿಂದ ಅಟ್ಯಾಕ್ ಮಾಡಿದ್ವಿ. ಕಾಂಪಿಟಿಟರು ಫಿನಿಶ್.”

ಹಿಂದಿನಿಂದ ಒಂದು ದನಿ ಕೇಳಿತು. “ಎರಡೇ ಕಡೆಯಿಂದಾ? ಬೆನ್ನಿನ ಹಿಂದೆ ಯಾರನ್ನೂ ಕಳಿಸ್ಲಿಲ್ವಾ?”

ತಿರುಗಿದೆ. ಎಪ್ಪತ್ತರ ಹತ್ತಿರದ, ಎತ್ತರದ ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಪಂಚೆ, ತೋಳಿಲ್ಲದ ಸ್ವೆಟರು, ಕಾಲಿಗೆ ವಾಕಿಂಗ್ ಶೂ. ಮುಖದಲ್ಲಿ ತಮಾಷೆಯ ಗುರುತೇ ಇರಲಿಲ್ಲ.

“ಬೆನ್ನಿನ ಹಿಂದೆ ಯಾಕೆ ಸಾರ್?” ಅಂದೆ.

“ಓಡ್ಲಿಕ್ಕೆ ದಾರಿ ಬಿಟ್ರೆ ನಾಳೆ ಪುನಃ ಬರ್ತಾರಲ್ಲ ಮಾರಾಯ್ರೇ. ನಿಮ್ಮ ಹತ್ರ ಕುದುರೆ ಎಷ್ಟು ಇತ್ತು?”

ನನ್ನ ಹತ್ತಿರ ಇದ್ದದ್ದು ನಾಲ್ಕು ಜನ ಎಂಜಿನಿಯರುಗಳು. ಅವರಲ್ಲಿ ಒಬ್ಬ ಮಗು ಹುಟ್ಟಿತೆಂದು ರಜೆಯಲ್ಲಿದ್ದ. ಅದನ್ನು ಹೇಳಿದಾಗ ಅವರು, ವೈದ್ಯರು ಕೆಟ್ಟ ಸುದ್ದಿ ಹೇಳುವಾಗ ಮಾಡುವ ಹಾಗೆ, ನಿಧಾನವಾಗಿ ತಲೆ ಆಡಿಸಿದರು. “ಕುದುರೆ ಇಲ್ದೆ ಎಂತ ಯುದ್ಧ? ಆದಿತ್ಯವಾರ ಮನೆಗೆ ಬನ್ನಿ, ತೋರಿಸ್ತೇನೆ. ತಿಂಡಿ ಉಂಟು.”

ಯುದ್ಧಕ್ಕಾಗಿ ಹೋದೆನೆಂದು ಬರೆದರೆ ನನ್ನ ಹೆಂಡತಿ ನಗುತ್ತಾಳೆ. ತಿಂಡಿಗಾಗಿ ಹೋದೆ.

ಡಾಕ್ಟ್ರು ಉಡುಪಿ ಕಡೆಯವರು, ಸರ್ಜನ್ ಆಗಿದ್ದವರು. ಕೈ ನಡುಗಲು ಶುರುವಾದ ಮೇಲೆ ಒಂದು ದಿನವೂ ಮುಂದುವರಿಸದೆ ಬಿಟ್ಟರು. ಯಾರಾದರೂ ರಿಟೈರ್ ಆದದ್ದು ಯಾಕೆಂದು ಕೇಳಿದರೆ, “ನಾನು ರಿಟೈರ್ ಆಗ್ಲಿಲ್ಲ, ನನ್ನ ಬಲಗೈ ಆಯ್ತು. ನಾನು ಜೊತೆಗೆ ಬಂದೆ,” ಅನ್ನುತ್ತಿದ್ದರು. ಅವರ ಮನೆಯ ಊಟದ ಮೇಜು ಹನ್ನೆರಡು ಜನ ಕೂರುವಷ್ಟು ಉದ್ದ. ಆದರೆ ಅದರ ಮೇಲೆ ಯಾರೂ ಊಟ ಮಾಡಿದ್ದನ್ನು ನಾನು ನೋಡಿಲ್ಲ, ಯಾಕೆಂದರೆ ಅಲ್ಲಿ ಯಾವಾಗಲೂ ಇಟಲಿ ಇರುತ್ತಿತ್ತು. ಬೋರಲು ಹಾಕಿದ ಸ್ಟೀಲ್ ಪಾತ್ರೆಗಳು ಆಲ್ಪ್ಸ್ ಪರ್ವತ. ಹಳೆಯ ಪಂಚೆಯಿಂದ ಹರಿದ ನೀಲಿ ಅಂಚು ನದಿ. ತೊಗರಿಬೇಳೆ ರೋಮನ್ನರು. ಸಿಪ್ಪೆ ತೆಗೆಯದ ಕರಿ ಉದ್ದು ಹ್ಯಾನಿಬಲ್‌ನ ಸೈನ್ಯ, ಅಂದರೆ ಸಮುದ್ರದಾಚೆಯ ಕಾರ್ಥೇಜ್ ಪಟ್ಟಣದವರು. ಕಡಲೆಕಾಳು ಎರಡೂ ಕಡೆಯ ಕುದುರೆ. ಊರಿನಿಂದ ತರಿಸಿದ ದುಂಡನೆಯ ಗೋಟಡಿಕೆಗಳು ಆನೆ. ಆಲ್ಪ್ಸ್ ದಾಟುವಾಗ ಸತ್ತ ಆನೆಗಳನ್ನು ಡಾಕ್ಟ್ರು ಅಡಕತ್ತರಿಯಲ್ಲಿ ಕತ್ತರಿಸಿ ಊಟವಾದ ಮೇಲೆ ಎಲೆಯ ಜೊತೆ ಹಾಕಿಕೊಳ್ಳುತ್ತಿದ್ದರು.

ಆಟಕ್ಕೆ ದಾಳ ಇರಲಿಲ್ಲ. ಯಾವ ಸಾಲನ್ನು ಎದುರಾಳಿ ಸುತ್ತಿಕೊಂಡನೋ ಆ ಸಾಲು ಸತ್ತಂತೆ, ಅಷ್ಟೇ. ಇನ್ನೊಂದು ನಿಯಮ ಆಂಟಿಯದು. ಡಾಕ್ಟ್ರ ಹೆಂಡತಿಯನ್ನು ನಾನು ಆಂಟಿ ಅನ್ನುತ್ತಿದ್ದೆ. ಯುದ್ಧದಲ್ಲಿ ಸತ್ತ ಕಾಳು ಪುನಃ ಮೇಜಿಗೆ ಬರುವಂತಿಲ್ಲ, ಅಡುಗೆಮನೆಗೆ ಹೋಗಬೇಕು. “ಧಾನ್ಯದಲ್ಲಿ ಆಟ ಆಡ್ಬಾರ್ದು. ಆಡಿದ್ರೆ ಅದು ಯಾರದಾದ್ರೂ ಹೊಟ್ಟೆಗೆ ಹೋಗ್ಬೇಕು,” ಅನ್ನುವುದು ಅವರ ಧರ್ಮ. ಹಾಗಾಗಿ ಪ್ರತಿ ಭಾನುವಾರ ಯುದ್ಧ ಮುಗಿಯುವ ಹೊತ್ತಿಗೆ ಅವರು ಒಂದು ಪಾತ್ರೆ ಹಿಡಿದು ಬಂದು ಮೇಜಿನ ಪಕ್ಕ ನಿಲ್ಲುತ್ತಿದ್ದರು.

“ಸತ್ತ ರೋಮನ್ನರನ್ನು ಕೊಡಿ. ಹುಳಿಗೆ ಬೇಳೆ ಇಡ್ಬೇಕು.”

ನಾನು ರೋಮನ್. ಆ ಮನೆಯ ಹುಳಿ ಯಾವಾಗಲೂ ಗಟ್ಟಿ.

ಮೊದಲ ಭಾನುವಾರವೇ ಡಾಕ್ಟ್ರು ಒಪ್ಪಂದ ಹೇಳಿಬಿಟ್ಟಿದ್ದರು. ಹ್ಯಾನಿಬಲ್ ಆಲ್ಪ್ಸ್ ದಾಟಿ ಇಟಲಿಗೆ ನುಗ್ಗಿದಲ್ಲಿಂದ ಹಿಡಿದು ಕಟ್ಟಕಡೆಯ ಜಾಮಾ ಯುದ್ಧದವರೆಗೆ ಎಲ್ಲವನ್ನೂ ಕ್ರಮವಾಗಿ ಆಡುವುದು. ಅವರು ಕೊನೆತನಕ ಹ್ಯಾನಿಬಲ್, ನಾನು ಕೊನೆತನಕ ರೋಮ್.

“ಇತಿಹಾಸದಲ್ಲಿ ಅವನು ಗೆದ್ದದ್ದನ್ನ ನಾನು ಹೇಗೆ ಬದಲಾಯಿಸೋದು ಡಾಕ್ಟ್ರೇ?”

“ರೋಮನ್ನರು ಮಾಡಿದ ಮಂಗಬುದ್ಧಿ ನೀನು ಮಾಡ್ಬೇಡ. ಮಾಡದಿದ್ರೆ ಗೆಲ್ತಿ. ಮತ್ತೆ, ಎಲ್ಲದರಲ್ಲಿ ಸೋತರೂ ಜಾಮಾ ಉಂಟಲ್ಲ. ಅಲ್ಲಿ ಹ್ಯಾನಿಬಲ್ ಸೋಲ್ತಾನೆ. ಅದೊಂದು ನಿನಗೆ ಗ್ಯಾರಂಟಿ.”

ಮೇಜಿನ ಪಕ್ಕದಲ್ಲಿದ್ದ ಆಂಟಿ ಅಂದರು, “ಬೇಗ ಸೋಲಿಸು ಮಾರಾಯ. ಇವರ ಉದ್ದು ಸಾಯದೆ ನನಗೆ ಒಂದು ವಡೆ ಮಾಡ್ಲಿಕ್ಕಿಲ್ಲ ಈ ಮನೆಯಲ್ಲಿ.” ಅಂಗಡಿಯಲ್ಲಿ ಉದ್ದು ಸಿಗುತ್ತಿರಲಿಲ್ಲವೆಂದಲ್ಲ. ಆದರೆ ವಡೆಗೆ ಹ್ಯಾನಿಬಲ್‌ನ ಉದ್ದೇ ಆಗಬೇಕೆಂದು ಅವರು ಹಟ ಹಿಡಿದಿದ್ದರು.

ಮೊದಲ ದೊಡ್ಡ ಯುದ್ಧ ಟ್ರೆಬಿಯಾ ಎಂಬ ಹೊಳೆಯ ದಂಡೆಯಲ್ಲಿ. ಆ ದಿನ ಹೋಗಿ ಕೂತು ಎಷ್ಟು ಹೊತ್ತಾದರೂ ತಿಂಡಿಯ ಸುಳಿವಿಲ್ಲ. ಒಳಗಿನಿಂದ ನೀರುದೋಸೆಯ ಪರಿಮಳ ಬರುತ್ತಿತ್ತು. ಡಾಕ್ಟ್ರ ಮೀಸೆಯ ತುದಿಯಲ್ಲಿ ಚಟ್ನಿ ಇತ್ತು. ನನ್ನ ಹೊಟ್ಟೆ ಕೂಗುತ್ತಿತ್ತು. ಬೇಗ ಮುಗಿಸಿದರೆ ಬೇಗ ದೋಸೆ ಎಂದು ಲೆಕ್ಕ ಹಾಕಿ ನನ್ನ ಇಡೀ ಸೈನ್ಯವನ್ನು ನೀಲಿ ಅಂಚಿನ ಆಚೆ ದಬ್ಬಿದೆ. ಹೊಳೆಯಾಚೆ ಪಾತ್ರೆಯೊಂದರ ಹಿಂದೆ ಆಂಟಿ ಮೊದಲೇ ಅಡಗಿಸಿಟ್ಟಿದ್ದ ಕಡಲೆಕಾಳುಗಳು ಬಂದು ನನ್ನ ಬೆನ್ನು ಹಿಡಿದವು.

“ರೋಮನ್ನರೂ ಇದೇ ಮಾಡಿದ್ದು,” ಅಂದರು ಡಾಕ್ಟ್ರು, ಮೀಸೆ ಒರೆಸಿಕೊಳ್ಳುತ್ತ. “ಹ್ಯಾನಿಬಲ್ ತನ್ನವರಿಗೆ ಹೊಟ್ಟೆತುಂಬ ತಿನ್ನಿಸಿ, ಮೈಗೆ ಎಣ್ಣೆ ಹಚ್ಚಿಸಿ ಕೂರಿಸಿದ್ದ. ಇವರು ಚಳಿಯಲ್ಲಿ ತಿಂಡಿ ತಿನ್ನದೆ ಹೊಳೆ ಇಳಿದ್ರು. ನಾನು ನಿನಗೆ ದೋಸೆ ಕೊಡ್ಬೇಡ ಹೇಳಿದ್ದು ಅದಕ್ಕೇ.”

ಮುಂದಿನದು ಕೆರೆಯ ಬದಿಯಲ್ಲಿ, ಮಂಜು ಮುಸುಕಿದ ಬೆಳಿಗ್ಗೆ ನಡೆದದ್ದು. ಅದಕ್ಕೆ ನಾನು ಮನೆಯಲ್ಲೇ ತಿಂದು ಹೋದೆ. ಡಾಕ್ಟ್ರು ಆ ದಿನ ಕುದಿಯುತ್ತಿದ್ದ ಇಡ್ಲಿ ಪಾತ್ರೆಯನ್ನು ಆಂಟಿಯಿಂದ ತರಿಸಿ ನನ್ನ ಮುಖದೆದುರು ಮುಚ್ಚಳ ತೆಗೆಸಿದರು. ನನ್ನ ಕನ್ನಡಕವೆಲ್ಲ ಹಬೆ. ಒರೆಸಿಕೊಂಡು ನೋಡುವಷ್ಟರಲ್ಲಿ ಡಾಕ್ಟ್ರ ಸನ್ನೆಯಂತೆ ಆಂಟಿ ನನ್ನ ಬೇಳೆಯ ಸುತ್ತ ಉದ್ದು ಜೋಡಿಸಿಬಿಟ್ಟಿದ್ದರು. ಇದು ಮೋಸ ಎಂದು ಕೂಗಿದೆ. “ಮಂಜು ಮೋಸ ಅಲ್ಲ. ಮಂಜಿನಲ್ಲಿ ಮುಂದೆ ಯಾರನ್ನೂ ಕಳಿಸಿ ನೋಡದೆ ನಡೆಯುವುದು ದಡ್ಡತನ,” ಅಂದರು. ಇಡ್ಲಿ ಮಾತ್ರ ಚೆನ್ನಾಗಿತ್ತು.

ಕ್ಯಾನೆ ಎಂಬ ಬಯಲಿನಲ್ಲಿ ಆದದ್ದನ್ನು ಸಣ್ಣದಾಗಿ ಹೇಳುತ್ತೇನೆ, ಮರ್ಯಾದೆಯ ಪ್ರಶ್ನೆ. ಅಲ್ಲಿ ಅವರ ಉದ್ದಿನ ಸಾಲು ನಡುವಿನಲ್ಲಿ ಹಿಂದೆ ಹಿಂದೆ ಸರಿಯಿತು. ನಾನು ಮುಂದೆ ಮುಂದೆ ಒತ್ತಿದೆ. “ಗೆಲ್ತಾ ಇದೀನಿ ಡಾಕ್ಟ್ರೇ,” ಎಂದೆ. “ಹೌದಾ, ಒತ್ತು, ಒತ್ತು,” ಅಂದರು. ಒಂದು ಹಂತದಲ್ಲಿ ತಲೆಯೆತ್ತಿ ನೋಡಿದರೆ ಎಡಕ್ಕೆ ಉದ್ದು, ಬಲಕ್ಕೆ ಉದ್ದು, ಹಿಂದೆ ಕಡಲೆ. ಆಂಟಿ ಪಾತ್ರೆಯ ಬದಲು ಕುಕ್ಕರನ್ನೇ ತಂದರು.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಈ ಎಲ್ಲ ಯುದ್ಧಗಳಲ್ಲಿ ಡಾಕ್ಟ್ರು ಒಂದು ಕಾಳನ್ನೂ ಮುಟ್ಟಲಿಲ್ಲ. ನಡುಗುವ ಕೈಯಲ್ಲಿ ಸಾಲು ಕೆಡುತ್ತದೆಂದು ಅವರು ಕೈ ಕಟ್ಟಿ ಕೂತು ಹೇಳುತ್ತಿದ್ದರು, ಆಂಟಿ ಕೈಹಾಕಿದ್ದು ಬಿಟ್ಟರೆ ಅವರ ಸೈನ್ಯವನ್ನೂ ನಾನೇ ನಡೆಸುತ್ತಿದ್ದೆ. “ಆ ಸಾಲು ಸ್ವಲ್ಪ ಬಲಕ್ಕೆ. ಇನ್ನೂ ಸ್ವಲ್ಪ. ಈಗ ಆ ಕುದುರೆ ಹಿಂದಿನಿಂದ.” ಅವರು ಹೇಳಿದ ಹಾಗೆ ನೀಟಾಗಿ ತಳ್ಳಿ, ಕೊನೆಗೆ ನೋಡಿದರೆ ನನ್ನನ್ನು ನಾನೇ ಸುತ್ತಿಕೊಂಡಿರುತ್ತಿದ್ದೆ. ಎರಡೂ ಸೈನ್ಯ ಒಬ್ಬನ ಕೈಯಲ್ಲಿದ್ದು ಒಂದು ಸಲವೂ ಗೆಲ್ಲಲಾರದ ಸೇನಾಪತಿ ಲೋಕದಲ್ಲಿ ಬೇರೆ ಇರಲಿಕ್ಕಿಲ್ಲ.

ಮನೆಗೆ ಬಂದರೆ ಬಾಗಿಲಲ್ಲೇ ಮಗಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷೇ.

“ಅಪ್ಪಾ, ಡಿಡ್ ಯೂ ಲೂಸ್ ಅಗೇನ್?”

“ಸೋಲು ಅಂತಲ್ಲ ಪುಟ್ಟಿ, ಸ್ಟ್ರಾಟೆಜಿಕ್ ಆಗಿ ಹಿಂದೆ ಬಂದೆ.” ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಒಳಗಿನಿಂದ ಹೆಂಡತಿ ಹೇಳುತ್ತಿದ್ದಳು, “ಹುಳಿ ಡಬ್ಬಿ ತಂದಿದಾರಾ ನೋಡೇ. ತಂದಿದ್ರೆ ಸೋತಿದಾರೆ.”

ಯುದ್ಧವಿದ್ಯೆಯನ್ನು ಆಫೀಸಿನಲ್ಲಿ ಪ್ರಯೋಗಿಸುವ ಹುಚ್ಚೂ ನನಗೆ ಹತ್ತಿತು. ಪಾಲೋ ಆಲ್ಟೋದಲ್ಲಿದ್ದ ನಮ್ಮದೇ ಕಂಪನಿಯ ಇನ್ನೊಂದು ಟೀಮು ಒಂದು ಕೆಲಸವನ್ನು ನಮ್ಮ ತಲೆಗೆ ಕಟ್ಟಲು ನೋಡುತ್ತಿತ್ತು. ನಾನು ಕ್ಯಾನೆಯ ಹ್ಯಾನಿಬಲ್ ಆಗಲು ನಿರ್ಧರಿಸಿದೆ. ಮೀಟಿಂಗಿನಲ್ಲಿ ಮೊದಲು ಎಲ್ಲಕ್ಕೂ ಹೂಂ ಅನ್ನುತ್ತ ಹಿಂದೆ ಸರಿಯುವುದು, ಅವರು ಒಳಗೆ ಬಂದ ಮೇಲೆ ಎರಡೂ ಕಡೆಯಿಂದ ಮುಚ್ಚುವುದು. ಹೂಂ ಅಂದೆ, ಹೂಂ ಅಂದೆ, ಮತ್ತೂ ಹೂಂ ಅಂದೆ. ಅಷ್ಟರಲ್ಲಿ ಮೀಟಿಂಗಿನ ಟೈಮು ಮುಗಿಯಿತು. ಕೆಲಸವೂ ನಮಗೇ ಬಂತು, ಶನಿವಾರದ ಡ್ಯೂಟಿಯೂ ಬಂತು. ಡಾಕ್ಟ್ರಿಗೆ ಹೇಳಿದಾಗ ಅವರು ನಕ್ಕು ನಕ್ಕು ನೀರು ಕುಡಿದರು. “ಸುತ್ತುವರಿಯುವ ಕುದುರೆಯನ್ನು ಮೊದಲೇ ಕಳಿಸ್ಬೇಕು ಮಾರಾಯ. ನಿನ್ನದು ಬರೀ ಹಿಂದೆ ಸರಿದದ್ದು.”

ಒಮ್ಮೆ ಕೇಳಿದೆ, ನಮ್ಮ ದೇಶದಲ್ಲೇ ಬೇಕಾದಷ್ಟು ಯುದ್ಧಗಳಿರುವಾಗ ಈ ರೋಮ್ ಯಾಕೆ ಎಂದು. “ನಮ್ಮ ಯುದ್ಧದಲ್ಲಿ ನಮಗೆ ಪಕ್ಷ ಉಂಟು. ಸಿಟ್ಟು ಬರ್ತದೆ, ಅಳು ಬರ್ತದೆ. ಇಲ್ಲಿ ಯಾರೂ ನಮ್ಮ ಸಂಬಂಧಿಕರಲ್ಲ, ಸರಿಯಾಗಿ ನೋಡ್ಲಿಕ್ಕೆ ಆಗ್ತದೆ. ಸರ್ಜನ್ ತನ್ನ ಮನೆಯವರ ಹೊಟ್ಟೆ ಕೊಯ್ಯಬಾರ್ದು,” ಅಂದರು. ಆದರೆ ಆ ಮಾತು ಪೂರ್ತಿ ನಿಜವಲ್ಲ. ಹ್ಯಾನಿಬಲ್ ಅವರಿಗೆ ಸಂಬಂಧಿಕನೇ ಆಗಿದ್ದ. “ಹದಿನೈದು ವರ್ಷ ಪರದೇಶದಲ್ಲಿ ಇದ್ದ. ಹೋದಲ್ಲೆಲ್ಲ ಗೆದ್ದ. ಬಂದ ಕೆಲಸ ಮಾತ್ರ ಆಗ್ಲಿಲ್ಲ, ಅಷ್ಟೂ ವರ್ಷ ಊರಿಗೆ ಹೋಗ್ಲಿಕ್ಕೂ ಆಗ್ಲಿಲ್ಲ,” ಅನ್ನುತ್ತಿದ್ದರು. ಎರಡು ವರ್ಷ ಇದ್ದು ಹೋಗೋಣವೆಂದು ಈ ದೇಶಕ್ಕೆ ಬಂದು ನಲವತ್ತು ವರ್ಷ ಕಳೆದವರು ಅವರು. ಆಂಟಿ ಒಳಗಿನಿಂದಲೇ ಅನ್ನುತ್ತಿದ್ದರು, “ಅವನ ಹೆಂಡತಿಯನ್ನು ಕೇಳಿದ್ರೆ ಗೊತ್ತಾಗ್ತಿತ್ತು, ಯಾಕೆ ಹೋಗ್ಲಿಲ್ಲ ಅಂತ.”

ಡಾಕ್ಟ್ರಿಗೆ ರೋಮನ್ನರಲ್ಲಿ ಗೌರವ ಇದ್ದದ್ದು ಒಬ್ಬನ ಮೇಲೆ ಮಾತ್ರ, ಫೇಬಿಯಸ್ ಎಂಬ ಮುದುಕ ಸೇನಾಪತಿ. ಅವನು ಹ್ಯಾನಿಬಲ್‌ನ ಹಿಂದೆ ಹಿಂದೆಯೇ ಬೆಟ್ಟದ ಮೇಲೆ ನಡೆದ, ಆದರೆ ಎದುರು ನಿಂತು ಯುದ್ಧ ಮಾಡಲೇ ಇಲ್ಲ. ರೋಮಿನ ಜನ ಅವನನ್ನು ತಡಮಾಡುವವನು ಎಂದು ಹೀಯಾಳಿಸಿದರು. ನಾನೂ ಹೀಯಾಳಿಸಿದೆ. ನಮ್ಮ ಆಫೀಸಿನಲ್ಲಿ ಬೇಗ ಎಂಬುದೇ ದೇವರು. ಯೋಚಿಸುವುದಕ್ಕೆ ಕೂಡ ಅಲ್ಲಿ ಡೆಡ್‌ಲೈನ್ ಇದೆ.

“ಏನೂ ಮಾಡದೆ ಕೂರೋದು ಎಂಥ ಯುದ್ಧ ಡಾಕ್ಟ್ರೇ?”

“ಏನೂ ಮಾಡದೆ ಕೂರುವುದು ಎಷ್ಟು ಕಷ್ಟ ನಿನಗೆ ಗೊತ್ತುಂಟಾ? ಕೊಯ್ಲಿಕ್ಕೆ ನನಗೆ ಐದು ವರ್ಷದಲ್ಲಿ ಕಲಿಸಿದ್ರು. ಕೊಯ್ಯದೆ ಕಾಯ್ಲಿಕ್ಕೆ ಇಪ್ಪತ್ತು ವರ್ಷ ಬೇಕಾಯ್ತು. ತಾಳಿದವನು ಬಾಳಿಯಾನು ಅಂತ ನಿಮ್ಮ ಮೈಸೂರಲ್ಲಿ ಹೇಳುದಿಲ್ವಾ?”

ಹೇಳುತ್ತಾರೆ. ಆದರೆ ನನಗೆ ಕಿವಿಯಿರಲಿಲ್ಲ. ನನ್ನ ಮನಸ್ಸೆಲ್ಲ ಜಾಮಾದ ಮೇಲೆ. ರೋಮನ್ನರು ಸಮುದ್ರ ದಾಟಿ ಕಾರ್ಥೇಜಿಗೇ ನುಗ್ಗಿದಾಗ ಊರಿನವರು ಹ್ಯಾನಿಬಲ್‌ನನ್ನು ವಾಪಸು ಕರೆಸಿಕೊಂಡರು. ಅವನು ಊರ ಹತ್ತಿರ ಜಾಮಾದಲ್ಲಿ ನಿಂತು ಕಾದಿ ಸೋತ. ಆ ಒಂದು ಗೆಲುವಿಗಾಗಿ ನಾನು ಮೂರು ವರ್ಷದಿಂದ ಹುಳಿ ಹೊತ್ತಿದ್ದೆ. “ಜಾಮಾ ಯಾವಾಗ?” ಎಂದು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ. “ಅವಸರ ಎಂತ? ಅವನು ಇನ್ನೂ ಇಟಲಿಯಲ್ಲಿ ಇದ್ದಾನೆ.” ಇಟಲಿಯ ತುದಿಯಲ್ಲಿ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಉದ್ದನ್ನು ನಡೆಸುತ್ತ ಒಂದು ವರ್ಷವನ್ನೇ ಕಳೆದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದಕ್ಕೆ ನಾನೇ ಉದಾಹರಣೆ. ಅವರಿಗೆ ಆ ಯುದ್ಧ ಮುಗಿಸುವ ಮನಸ್ಸಿಲ್ಲವೆಂಬುದು ನನಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ಹೋದಾಗ ಮೇಜಿನ ಮೇಲಿದ್ದ ಆಲ್ಪ್ಸ್ ಪಾತ್ರೆಗಳೆಲ್ಲ ಒಳಗೆ ಹೋಗಿದ್ದವು. ಇಟಲಿ ಇರಲಿಲ್ಲ. ಬರೀ ಬೋಳು ಮೇಜು.

“ಹ್ಯಾನಿಬಲ್‌ನಿಗೆ ಊರಿಂದ ಕರೆ ಬಂತು,” ಅಂದರು ಡಾಕ್ಟ್ರು. “ಮುಂದಿನ ಆದಿತ್ಯವಾರ ಜಾಮಾ.”

ನಾನು ಚಪ್ಪಾಳೆ ತಟ್ಟಿದೆ. ಹೌದು, ತಟ್ಟಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಆಂಟಿಯ ಮುಖ ನೋಡಿದ ಮೇಲೆ ನನ್ನ ಕೈ ನಿಂತಿತು. ಡಾಕ್ಟ್ರು ಯಾರದೋ ಕೇಸು ಹೇಳುವ ಹಾಗೆ ಹೇಳಿದರು. ಮೇದೋಜೀರಕದಲ್ಲಿ ಗಂಟು, ಲಿವರಿಗೂ ಹಬ್ಬಿದೆ. “ಸ್ಕ್ಯಾನು ನಾನೇ ನೋಡಿದೆ. ಇದಕ್ಕೆ ನಾನಾಗಿದ್ರೂ ಕತ್ತಿ ಹಾಕ್ತಿರ್ಲಿಲ್ಲ. ಅವರೂ ಹಾಕುದಿಲ್ಲ ಹೇಳಿದ್ರು, ಒಳ್ಳೇ ಹುಡುಗರು.” ಆಮೇಲೆ, “ತಿಂಡಿ ತಿಂದು ಹೋಗು. ಇವತ್ತು ಯುದ್ಧ ಇಲ್ಲ,” ಅಂದರು.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಮಗಳ ಈಜಿನ ಸ್ಪರ್ಧೆ ಇದೆ ಎಂದು ಫೋನು ಮಾಡಿದೆ. ಅವಳು ಈಜು ಬಿಟ್ಟು ಎರಡು ವರ್ಷವಾಗಿತ್ತು. ಅದರ ಮುಂದಿನ ಭಾನುವಾರ ಕಾರು ಕೆಟ್ಟಿತೆಂದೆ. ಅವರ ಮನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಮೂರನೆಯ ಸಲ ಹೋದೆ, ಆದರೆ ಕೂತವನೇ ವಾದ ತೆಗೆದೆ. ಇಟಲಿಯಲ್ಲಿ ಇನ್ನೆರಡು ಊರುಗಳ ಮುತ್ತಿಗೆ ಬಾಕಿ ಇದೆ, ಅದನ್ನು ಬಿಟ್ಟು ಜಾಮಾಕ್ಕೆ ಹೋದರೆ ಕ್ರಮ ತಪ್ಪುತ್ತದೆ, ನೀವೇ ಅಲ್ಲವೇ ಕ್ರಮ ಅಂದವರು ಎಂದೆಲ್ಲ ಹೇಳಿದೆ. ಪುಸ್ತಕ ನೋಡಿ ತಯಾರಿ ಮಾಡಿಕೊಂಡು ಹೋಗಿದ್ದೆ. ಡಾಕ್ಟ್ರು ಸುಮ್ಮನೆ ಒಪ್ಪಿದರು. ಒಂದು ಮುತ್ತಿಗೆ ಆಯಿತು. ಅದರಲ್ಲೂ ಸೋತೆ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಹುಳಿ ಡಬ್ಬಿ ಹೊತ್ತಿರಲಿಲ್ಲ.

ಹೆಂಡತಿ ಒಂದು ದಿನ ಕೇಳಿದಳು. “ಅಷ್ಟು ದಿನದಿಂದ ಜಾಮಾ ಜಾಮಾ ಅಂತ ಪ್ರಾಣ ತಿಂತಿದ್ರಿ. ಈಗ ಯಾಕ್ರೀ ಬೇಡ?”

“ಯುದ್ಧ ಅಂದ್ರೆ ಅವಸರ ಮಾಡ್ಬಾರ್ದು ಕಣೆ.”

ಅವಳು ನನ್ನನ್ನೇ ನೋಡಿದಳು.

ಎರಡನೆಯ ಮುತ್ತಿಗೆಗೆ ಹೋದಾಗ ಡಾಕ್ಟ್ರು ಕುರ್ಚಿಯಲ್ಲಿ ದಿಂಬು ಇಟ್ಟುಕೊಂಡು ಕೂತಿದ್ದರು. ಸ್ವೆಟರಿನೊಳಗೆ ಮನುಷ್ಯ ಅರ್ಧ ಆಗಿದ್ದರು. ನಾನು ಬೇಳೆಯ ಡಬ್ಬಿ ತೆಗೆಯುತ್ತ ಹೊಸ ವಾದ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

“ಫೇಬಿಯಸ್ ಆಗಿದ್ದಿ ನೀನು.”

ನಾನು ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತೆ.

“ಇಷ್ಟು ವರ್ಷ ಹೇಳಿ ಹೇಳಿ ಸಾಕಾಯ್ತು, ಕಲೀಲಿಲ್ಲ. ಈಗ ಕಲ್ತಿದ್ದಿ, ತಪ್ಪು ಯುದ್ಧದಲ್ಲಿ. ಫೇಬಿಯಸ್ ಕಾದದ್ದು ಗೆಲ್ಲಿಕ್ಕೆ ಮಾರಾಯ. ನೀನು ಕಾಯುವುದು ಎಂತಕ್ಕೆ?”

“ಜಾಮಾ ಮುಗಿದ್ರೆ ಮುಂದಿನ ಭಾನುವಾರ ಏನ್ ಮಾಡೋದು ಡಾಕ್ಟ್ರೇ?” ಅಂದೆ. ದೊಡ್ಡ ಕಂಪನಿಯ ಮ್ಯಾನೇಜರ್ ನಾನು, ಸಣ್ಣ ಮಗುವಿನ ಹಾಗೆ ಕೇಳಿದೆ.

“ಅದು ನನಗೂ ಗೊತ್ತಿಲ್ಲ,” ಅಂದರು. “ಆದ್ರೆ ಆಟ ಅರ್ಧದಲ್ಲಿ ಬಿಟ್ಟು ಹೋಗ್ಲಿಕ್ಕೆ ನನಗೆ ಆಗುದಿಲ್ಲ. ಹೊಟ್ಟೆ ಹೊಲಿಯದೆ ಬಿಟ್ಟ ಹಾಗೆ ಆಗ್ತದೆ. ಹಾಕು ಬೇಳೆ.”

ಹಾಕಿದೆ. ಜಾಮಾದಲ್ಲಿ ಹ್ಯಾನಿಬಲ್ ಮೊದಲು ನುಗ್ಗಿಸುವುದು ಆನೆಗಳನ್ನು. ನಾನು ಎಂದಿನಂತೆ ನನ್ನ ಬೇಳೆಯನ್ನು ಒತ್ತೊತ್ತಾಗಿ, ಸಂದು ಬಿಡದೆ, ಗೋಡೆಯ ಹಾಗೆ ನಿಲ್ಲಿಸಿದೆ. ಡಾಕ್ಟ್ರು ತಲೆ ಆಡಿಸಿದರು.

“ತಡೀಬೇಡ. ಆನೆಯನ್ನು ಯಾರಿಗೂ ತಡೀಲಿಕ್ಕೆ ಆಗುದಿಲ್ಲ. ರೋಮನ್ನರು ಅಲ್ಲಿ ಗೆದ್ದದ್ದು ಹೇಗೆ ಹೇಳು? ಸಾಲುಗಳ ನಡುವೆ ಓಣಿ ಬಿಟ್ರು. ಆನೆ ಬಂತು, ಓಣಿಯಲ್ಲಿ ಹೋಯ್ತು. ಯಾರಿಗೂ ಏನೂ ಆಗ್ಲಿಲ್ಲ. ದಾರಿ ಬಿಡು.”

“ಮೊದಲ ದಿನ ನೀವೇ ಹೇಳಿದ್ರಿ, ದಾರಿ ಬಿಡಬಾರ್ದು ಅಂತ.”

“ಅದು ಓಡಿಹೋಗುವವರಿಗೆ. ಇದು ಬರುವ ಆನೆಗೆ. ಬಿಡು.”

ನಾನು ಬೆರಳಿನಿಂದ ಬೇಳೆಯನ್ನು ಸರಿಸಿ ಓಣಿಗಳನ್ನು ಮಾಡಿದೆ. ಆ ದಿನ ಮೊದಲ ಬಾರಿಗೆ ಡಾಕ್ಟ್ರು ಕಟ್ಟಿದ್ದ ಕೈ ಬಿಚ್ಚಿದರು. ಗೋಟಡಿಕೆಗಳನ್ನು ಒಂದೊಂದಾಗಿ ತಾವೇ ಎತ್ತಿ, ನಡುಗುವ ಬೆರಳಿನಿಂದ ಉರುಳಿಸಿದರು. ಕೈ ನಡುಗಿದರೂ ಗುರಿ ತಪ್ಪಲಿಲ್ಲ. ಅಡಿಕೆಗಳು ಒಂದು ಬೇಳೆಯನ್ನೂ ತಾಕದೆ ಓಣಿಗಳಲ್ಲಿ ಉರುಳಿ, ಮೇಜಿನ ಆ ತುದಿಯಿಂದ ನೆಲಕ್ಕೆ ಬಿದ್ದವು. ಆಂಟಿ ಬಗ್ಗಿ ಹೆಕ್ಕುತ್ತಿದ್ದರು. ನನಗೆ ಕಣ್ಣು ಮಂಜಾಯಿತು. ಆ ದಿನ ಇಡ್ಲಿ ಪಾತ್ರೆ ಇರಲಿಲ್ಲ.

ಉಳಿದದ್ದು ಬೇಗ ಮುಗಿಯಿತು. ನನ್ನ ಕಡಲೆಕಾಳು ಅವರ ಉದ್ದಿನ ಬೆನ್ನು ಹಿಡಿಯಿತು, ನನ್ನ ಸಾಲು ಎದುರಿನಿಂದ ಮುಚ್ಚಿತು. ಇತಿಹಾಸ ಹೇಳಿದ ಹಾಗೆಯೇ ಹ್ಯಾನಿಬಲ್ ಸೋತ.

“ಗೆದ್ದಿ,” ಅಂದರು. “ಹೇಗುಂಟು?”

“ಚೆನ್ನಾಗಿಲ್ಲ ಡಾಕ್ಟ್ರೇ.”

“ನನಗೂ ಯಾವಾಗಲೂ ಹಾಗೇ ಅನ್ನಿಸ್ತಿತ್ತು. ನಿನ್ನ ಮುಖ ನೋಡಿ ಪಾಪ ಕಾಣ್ತಿತ್ತು. ಆದ್ರೆ ಬಿಟ್ಟುಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ,” ಎಂದು ನಕ್ಕರು.

ಆಂಟಿ ಪಾತ್ರೆ ತಂದರು. ಸತ್ತ ಕರಿ ಉದ್ದನ್ನು ಎರಡೂ ಕೈಯಿಂದ ಬಳಿದು ಅದರೊಳಗೆ ಹಾಕಿದೆ. ಇಷ್ಟು ವರ್ಷ ಕಾದ ಉದ್ದು. ಆದರೆ ಅವರು ಅಂದು ವಡೆ ಮಾಡಲಿಲ್ಲ. ಉದ್ದನ್ನು ಒಂದು ಡಬ್ಬಿಗೆ ಸುರಿದು ಮುಚ್ಚಳ ಹಾಕಿ ಮೇಲಿನ ಶೆಲ್ಫಿನಲ್ಲಿಟ್ಟರು. “ಇವರಿಗೆ ಕರಿದದ್ದು ಆಗುದಿಲ್ಲ ಈಗ,” ಅಂದರು.

ಆ ದಿನ ನಾನು ಖಾಲಿ ಕೈಯಲ್ಲಿ ಮನೆಗೆ ಬಂದೆ. ಮಗಳು ಎಂದಿನ ಪ್ರಶ್ನೆ ಕೇಳಿದಳು. ಇಲ್ಲ ಪುಟ್ಟಿ, ಗೆದ್ದೆ ಎಂದೆ. ಅವಳು ಕುಣಿದಾಡಿದಳು. ನಾನು ಗರಾಜಿಗೆ ಹೋಗಿ, ಕೆಟ್ಟಿದೆ ಎಂದು ಸುಳ್ಳು ಹೇಳಿದ್ದ ಕಾರಿನೊಳಗೆ ಬಾಗಿಲು ಹಾಕಿಕೊಂಡು ಕೂತೆ.

ಡಾಕ್ಟ್ರು ಹೋದ ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಅವರ ಮನೆಯಲ್ಲೇ ಆಯಿತು. ಮೇಜನ್ನು ಗೋಡೆಗೆ ಸರಿಸಿದ್ದರು. ಅಡುಗೆ ದೇವಸ್ಥಾನದವರದು. ಹಾಲಿನಲ್ಲಿ ಸಾಲಾಗಿ ಬಾಳೆಲೆ ಹಾಕಿ ಕೂರಿಸಿದರು. ನನ್ನ ಪಕ್ಕದಲ್ಲಿ ಮಗಳು, ಅವಳ ಪಕ್ಕ ಹೆಂಡತಿ. ಈ ಊಟಕ್ಕೆ ಉದ್ದಿನ ವಡೆ ಆಗಲೇಬೇಕು. ಬಡಿಸುವವರು ಎಲ್ಲರ ಎಲೆಗೂ ಬೆಳ್ಳಗಿನ ವಡೆ ಹಾಕುತ್ತ ಬಂದರು. ನನ್ನ ಎಲೆಯ ಹತ್ತಿರ ಬಂದಾಗ ಆಂಟಿ ಒಳಗಿನಿಂದ ಬಂದು ಅವರನ್ನು ತಡೆದರು. ಅವರ ಕೈಯಲ್ಲಿ ಒಂದು ಸಣ್ಣ ಪಾತ್ರೆ ಇತ್ತು. ಅದರಿಂದ ಒಂದು ವಡೆ ತೆಗೆದು ನನ್ನ ಎಲೆಗೆ ಹಾಕಿದರು. ಅದರ ಮೈಯಲ್ಲಿ ಅಲ್ಲಲ್ಲಿ ಉದ್ದಿನ ಕರಿ ಸಿಪ್ಪೆ ಅಂಟಿಕೊಂಡಿತ್ತು.

“ಇದು ಅಂಗಡಿ ಉದ್ದಲ್ಲ,” ಅಂದರು. “ನೀನು ಗೆದ್ದದ್ದು. ತಿನ್ನು.”

ತಿಂದೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮೆಲ್ಲಗೆ ನನ್ನ ತೋಳು ಮುಟ್ಟಿ ಕೇಳಿದಳು.

“ಅಪ್ಪಾ, ಬಟ್ ಯೂ ವನ್, ರೈಟ್?”

“ಹೌದು ಪುಟ್ಟಿ, ಗೆದ್ದೆ,” ಅಂದೆ.

ಆಂಟಿ ಇನ್ನೊಂದು ವಡೆ ಹಾಕಿದರು.